ಕೇಳದೆ ಬಾಯಿ ಬಿಡದ ಸರ್ವರ್

ಕೇಳದಿದ್ದರೆ ಹೇಳುವವನಲ್ಲ ನಾನು. ಇದೊಂದು ದೊಡ್ಡ ಗುಣವೆಂದು ಮದುವೆಯಾಗುವವರೆಗೂ ನಂಬಿಕೊಂಡಿದ್ದೆ. ಅದಕ್ಕೆ ಬೇರೆ ಬೇರೆ ಹೆಸರುಗಳಿವೆಯೆಂದು ಆಮೇಲೆ ನನ್ನ ಹೆಂಡತಿ ಸುಧಾ ತಿಳಿಸಿಕೊಟ್ಟಳು. "ನಿಮ್ಮ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ನಾಲ್ಕು ಸಲ ಕೇಳಬೇಕು ಕಣ್ರಿ" ಎನ್ನುತ್ತಾಳೆ. ಇಂಥವನು ಬರೆದ ಸಾಫ್ಟ್‌ವೇರೂ ಅಪ್ಪನ ಹಾಗೇ ಹುಟ್ಟಿತು.

ನಾನು ಕೊಳ್ಳೇಗಾಲದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಹನೂರು, ಯಳಂದೂರುಗಳಲ್ಲಿ ನಮ್ಮ ಪುಟ್ಟ ಶಾಖೆಗಳಿವೆ. ಅಲ್ಲಿ ರಕ್ತ ತೆಗೆಯುತ್ತಾರೆ, ಇಲ್ಲಿ ಪರೀಕ್ಷೆಯಾಗುತ್ತದೆ, ರಿಪೋರ್ಟು ಮತ್ತೆ ಅಲ್ಲಿನ ಪರದೆಗೆ ಹೋಗಬೇಕು. ಇಲ್ಲಿನ ಸರ್ವರ್, ಅಂದರೆ ಮುಖ್ಯ ಕಂಪ್ಯೂಟರ್, ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯದು, ಹನೂರಿನದು ಪೈಥಾನ್, ಯಳಂದೂರಿನ ಹಳೇ ಕಂಪ್ಯೂಟರಿನದು ಇನ್ಯಾವುದೋ. ತಮಿಳುನಾಡು ಗಡಿಯ ಪಾಲಾರ್ ಕಡೆ ಕನ್ನಡದವರೂ ತಮಿಳಿನವರೂ ವ್ಯಾಪಾರ ಕುದುರಿಸಿಕೊಳ್ಳುವ ಹಾಗೆ ಇವೂ ಒಂದು ಒಪ್ಪಂದದ ಮೇಲೆ ಮಾತಾಡಿಕೊಳ್ಳುತ್ತವೆ. ಒಪ್ಪಂದ ಬರೆದವನು ನಾನೇ: ಶಾಖೆ ಕೇಳಬೇಕು, ಸರ್ವರ್ ಉತ್ತರ ಕೊಡಬೇಕು. ಸರ್ವರ್ ತಾನಾಗಿ ಏನಾದರೂ ಹೇಳಬೇಕಾಗಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಹಾಗಾಗಿ ಶಾಖೆಗಳ ಕಂಪ್ಯೂಟರುಗಳು ಎರಡೆರಡು ಸೆಕೆಂಡಿಗೆ "ಬಂತಾ? ಬಂತಾ?" ಎಂದು ಪೀಡಿಸಿ ಸರ್ವರಿಗೆ ಮೂರ್ಛೆ ಬರಿಸಿದವು. ಸರಿ, ಅರ್ಧ ಗಂಟೆಗೊಮ್ಮೆ ಕೇಳಿದರೆ ಸಾಕೆಂದು ತಿದ್ದಿದೆ. ಸರ್ವರ್ ಆರಾಮಾಯಿತು, ಜನ ಹೈರಾಣಾದರು. ಇಲ್ಲಿ ರಿಪೋರ್ಟು ಸಿದ್ಧವಾಗಿ ಕೂತಿರುತ್ತಿತ್ತು, ಅಲ್ಲಿ ಕಾದು ಕೂತವರು ಊರಿಗೆ ಹೋಗಬೇಕಾದ ಒಡೆಯರಪಾಳ್ಯದ ಬಸ್ಸು ಹೊರಟುಹೋಗಿರುತ್ತಿತ್ತು.

ಇದಕ್ಕೆ ಮದ್ದು ಕಂಡುಹಿಡಿದವರು ಹನೂರು ಶಾಖೆಯ ಮಾದಮ್ಮನವರು. ಒಂದು ದಿನ ಫೋನ್ ಮಾಡಿ, "ಇನ್ನೂ ಬಂದಿಲ್ವಾ ಸಾ? ಆಗ್ಲಿ, ನಾನು ಫೋನ್ ಕಟ್ ಮಾಡಲ್ಲ. ಸ್ಪೀಕರ್ ಆಕಿ ಮೇಜಿನ ಮ್ಯಾಲೆ ಮಡಗಿರ್ತೀನಿ. ಒಂದೊಂದು ಬಂದಂಗೂ ಕೂಗಿ. ಮಧ್ಯದಲ್ಲಿ ಹೂಂ ಅಂತಿರಿ, ಇಲ್ಲಾಂದ್ರೆ ಲೈನ್ ಓಯ್ತು ಅನ್ಕತೀನಿ" ಎಂದರು.

ನಾನು ಹಣೆ ಚಚ್ಚಿಕೊಂಡೆ. ಎಷ್ಟು ಓದಿದರೂ ನನ್ನ ತಲೆಗೆ ಹತ್ತದ ವಿದ್ಯೆಯನ್ನು ಅವರು ಒಂದೇ ಉಸಿರಿಗೆ ಹೇಳಿದ್ದರು. ಶಾಖೆ ಒಮ್ಮೆ ಕರೆ ಮಾಡಲಿ, ಆ ಕರೆ ಮುಗಿಸುವುದೇ ಬೇಡ. ರಿಪೋರ್ಟು ಬಂದಾಗಲೆಲ್ಲ ಸರ್ವರ್ ಅದರಲ್ಲೇ ಕಳಿಸಲಿ, ಸುದ್ದಿಯಿಲ್ಲದಾಗ ಆಗಾಗ ಒಂದು "ಹೂಂ" ಅನ್ನಲಿ. ಹೂಂ ನಿಂತರೆ ಶಾಖೆ ಮತ್ತೆ ಕರೆಯಲಿ. ಮೂರೂ ಭಾಷೆಗಳನ್ನು ಇದಕ್ಕೆ ಒಪ್ಪಿಸುವಷ್ಟರಲ್ಲಿ ಒಂದು ವಾರ ಕಳೆಯಿತು.

ಅದು ಶುರುವಾದ ದಿನಕ್ಕೆ ಹನೂರಿನಲ್ಲಿ ನಮ್ಮತ್ತೆಗೆ ಜ್ವರ ಹಿಡಿದು ಐದು ದಿನವಾಗಿತ್ತು. ಡೆಂಗಿ ಇರಬಹುದು, ಪ್ಲೇಟ್‌ಲೆಟ್ ಇಳಿದಿದ್ದರೆ ಇವತ್ತೇ ಮೈಸೂರಿಗೆ ಕರೆದುಕೊಂಡು ಹೋಗಿ ಎಂದಿದ್ದರು ಡಾಕ್ಟರು. ಸುಧಾ ತಾಯಿಯನ್ನು ಒರಗಿಸಿಕೊಂಡು ಮಾದಮ್ಮನವರ ಎದುರಿನ ಬೆಂಚಿನಲ್ಲಿ ಕೂತಿದ್ದಳು. ಇಲ್ಲಿ ಯಂತ್ರದಿಂದ ಫಲಿತಾಂಶ ಬಂತು. ಕಣ್ಣು ಹಾಯಿಸಿದೆ: ಎಲ್ಲ ಸರಿಯಾಗಿದೆ! ಅಬ್ಬಾ, ಹೋದ ಜೀವ ಬಂದ ಹಾಗಾಯಿತು. ಆದರೆ ಹಿರಿಯ ಟೆಕ್ನಿಷಿಯನ್ ಒಪ್ಪಿಗೆ ಒತ್ತದೆ ಸರ್ವರ್ ಕಳಿಸುವ ಹಾಗಿಲ್ಲ, ಅವರೋ ಟೀ ಕುಡಿಯಲು ಹೋಗಿದ್ದರು. ಇಪ್ಪತ್ತು ನಿಮಿಷ ಪರದೆಯ ಮುಂದೆ ಕೂತು, ಈ ಸರ್ವರ್ ತಾನಾಗಿ ಬಾಯಿ ಬಿಡುತ್ತದೋ ಇಲ್ಲವೋ ಎಂದು ಕಾದೆ. ಅವರು ಬಂದು ಒತ್ತಿದ್ದೇ ತಡ, ಮಾದಮ್ಮನವರ ಕೂಗು ಫೋನಿನಲ್ಲಿ: "ಬಂತು ಸಾ! ಕೇಳ್ದೇನೇ ಬಂತು! ಅಮ್ಮಾವ್ರಿಗೆ ಏನೂ ಇಲ್ವಂತೆ!"

ಸಂಜೆ ಸುಧಾ ತಾಯಿಯನ್ನೂ ಕರೆದುಕೊಂಡು ಮನೆಗೆ ಬಂದಾಗ ಬೀಗಿಕೊಂಡು ಹೇಳಿದೆ, "ನನಗೆ ಇಪ್ಪತ್ತು ನಿಮಿಷ ಮೊದಲೇ ಗೊತ್ತಿತ್ತು."

ಸಿಟ್ಟು ಬಂದರೆ ಅವಳ ಬಾಯಲ್ಲಿ ತವರಿನ ಮಾತು ಬರುತ್ತದೆ. "ಗೊತ್ತಿತ್ತಾ? ನಾನಲ್ಲಿ ಜೀವ ಕೈಯಾಗ್ ಇಡ್ಕಂಡು ಕೂತಿದ್ನಲ್ರೀ! ಒಂದು ಫೋನ್ ಮಾಡಿ ಏಳಕ್ಕೇನಾಗಿತ್ತು?"

"ನೀನು ಕೇಳಲಿಲ್ಲವಲ್ಲ" ಎಂದುಬಿಟ್ಟೆ.

ಮಾರನೆಯ ದಿನದಿಂದ ನಾನು ಲ್ಯಾಬಿಗೆ ಬಂದು ಕೂರುತ್ತಿದ್ದಂತೆ ಸುಧಾ ಫೋನ್ ಮಾಡುತ್ತಾಳೆ. ಮಾದಮ್ಮನವರು ಹೇಳಿಕೊಟ್ಟ ಹಾಗೆ ಸ್ಪೀಕರ್ ಹಾಕಿ ಒಲೆಯ ಪಕ್ಕ ಇಟ್ಟು ಕೆಲಸ ನೋಡಿಕೊಳ್ಳುತ್ತಾಳೆ. ಕಟ್ ಮಾಡುವುದಿಲ್ಲ. ಅತ್ತೆ ಗುಣವಾಗಿ ಅಲ್ಲೇ ಕೂತು ಸೊಪ್ಪು ಬಿಡಿಸುವುದೂ, "ಅಳಿಯಂದಿರು ಲೈನಲ್ಲಿ ಅವ್ರಾ?" ಎನ್ನುವುದೂ ಕೇಳಿಸುತ್ತದೆ. ಇಷ್ಟನ್ನು ಬರೆಯುವಷ್ಟರಲ್ಲೇ ಹನ್ನೊಂದು ಸಲ ಅಂದಿದ್ದೇನೆ. ಹೂಂ.