ರವಿಕೆ ಕಣ ಮತ್ತು ಗೋಲ್‌ಕೀಪರ್

ಮಸ್ಕತ್ತಿನ ಒಂದು ಕಾಲೇಜಿನ ಅಡ್ಮಿಷನ್ ವಿಭಾಗದಲ್ಲಿ ಕೂತು ನನಗೆ ವರ್ಷಗಳೇ ಆದವು. ಫುಟ್‌ಬಾಲ್ ಸೀಸನ್ ಬಂತೆಂದರೆ ನಮ್ಮಲ್ಲಿ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ನನಗೋ ಫುಟ್‌ಬಾಲಿನ ಗಂಧಗಾಳಿ ಇಲ್ಲ. ಆಫ್‌ಸೈಡ್ ಅಂದರೇನು ಅಂತ ನಮ್ಮ ಯಜಮಾನರು ಒಂದು ಸಲ ಊಟದ ತಟ್ಟೆಯ ಮೇಲೆ ಹಪ್ಪಳದ ಚೂರುಗಳನ್ನು ಜೋಡಿಸಿ ವಿವರಿಸಿದ್ದರು. ಅವರು ಮಾತು ಮುಗಿಸುವಷ್ಟರಲ್ಲಿ ನಾನು ಇಬ್ಬರು ಡಿಫೆಂಡರುಗಳನ್ನು ತಿಂದುಬಿಟ್ಟಿದ್ದೆ. ಆದರೂ ಒಳ್ಳೆಯ ಆಟಗಾರರನ್ನು ಸ್ಕೂಲಿನಿಂದಲೇ ಹುಡುಕಿ, ಫೀಸು ಮಾಫಿ ಮಾಡಿ ಸೇರಿಸಿಕೊಳ್ಳುವ ಕೆಲಸದಲ್ಲಿ ನನ್ನನ್ನೂ ಸಿಕ್ಕಿಸಿದರು. ಆ ಕೆಲಸದಲ್ಲಿ ನಡೆದ ಕೆಲವು ಪ್ರಸಂಗಗಳು ಇವು. ಹೇಳುವಾಗ ನಗು ಬರುತ್ತದೆ, ಹೇಳಿ ಮುಗಿದ ಮೇಲೆ ಯಾಕಾದರೂ ಹೀಗಾಯಿತೋ ಅನಿಸುತ್ತದೆ.

ನೆರಳಿನ ಆಮಿಷ

ಇಲ್ಲಿ ಕೆಲವು ಕಾಲೇಜುಗಳು ಸೇರಿಕೊಂಡು ಒಂದು ಲೀಗ್ ನಡೆಸುತ್ತೇವೆ. ಅದಕ್ಕೊಂದು ನಿಯಮವಿದೆ. ಆಟಗಾರನಿಗೆ ಫೀಸು ಮಾಫಿ ಮಾಡಬಹುದು. ಅದು ಬಿಟ್ಟು ಅವನಿಗಾಗಲಿ, ಅವನ ಮನೆಯವರಿಗಾಗಲಿ ಒಂದು ಕಡ್ಡಿಯನ್ನೂ ಕೊಡುವಂತಿಲ್ಲ. ಕೊಟ್ಟರೆ ಅದು ಆಮಿಷ, ಕೊಟ್ಟ ಕಾಲೇಜಿಗೆ ಆ ವರ್ಷ ಆ ಹುಡುಗ ಇಲ್ಲ.

ನಾನು ಈ ಕೆಲಸಕ್ಕೆ ಬಿದ್ದ ವರ್ಷ, ನಮಗೆ ಬರುತ್ತೇನೆಂದು ಕೈಕುಲುಕಿ ಹೋಗಿದ್ದ ಒಬ್ಬ ಸ್ಟ್ರೈಕರ್ ಮಾರನೆಯ ವಾರ ಎದುರಾಳಿ ಕಾಲೇಜಿಗೆ ಸೇರಿಬಿಟ್ಟ. ನಮ್ಮ ಕೋಚ್ ಟ್ಯುನೀಷಿಯಾದವರು, ಸಿಟ್ಟು ಬಂದರೆ ಮೂರು ಭಾಷೆಯಲ್ಲಿ ಬೈಯುತ್ತಾರೆ. ಅವರೇ ವಿಚಾರಿಸಿಕೊಂಡು ಬಂದರು. ಎದುರಾಳಿ ಕಾಲೇಜಿನವರು ಆ ಹುಡುಗನ ಕಾರಿಗೆ ಚಾವಣಿ ಇರುವ ಪಾರ್ಕಿಂಗ್ ಕೊಟ್ಟಿದ್ದರಂತೆ. ಜೂನ್ ತಿಂಗಳ ಮಸ್ಕತ್ತಿನಲ್ಲಿ ಸ್ಟೀರಿಂಗ್ ಹಿಡಿದು ಕೈ ಸುಟ್ಟುಕೊಂಡವರಿಗೆ ಇದು ಎಂಥ ಆಮಿಷ ಅಂತ ಗೊತ್ತು.

ನಮ್ಮ ಡೀನ್ ದೂರು ಕೊಟ್ಟರು. ಲೀಗಿನ ಸಮಿತಿಯ ಅಧ್ಯಕ್ಷರು ನಿಧಾನಸ್ಥ ಹಿರಿಯರು. "ಅವರು ಹುಡುಗನಿಗೆ ಏನು ಕೊಟ್ಟರು?" ಅಂತ ಕೇಳಿದರು.

"ನೆರಳು," ಅಂದರು ಡೀನ್.

"ಅದನ್ನು ನಾನು ಮುಟ್ಟುಗೋಲು ಹಾಕಿಕೊಳ್ಳುವುದು ಹೇಗೆ?"

ದೂರು ಅಲ್ಲಿಗೇ ಬಿತ್ತು. ಪಾಠ ಕಲಿತ ನಮ್ಮ ಕಾಲೇಜು, ವಿದ್ಯಾರ್ಥಿಗಳೆಲ್ಲರಿಗೂ ಅಂತ ಒಂದು ಚಾವಣಿ ಹಾಕಿಸಿತು. ಅದರಡಿ ಈಗ ಡೀನ್ ಸಾಹೇಬರ ಕಾರು ನಿಲ್ಲುತ್ತದೆ.

ತೆಂಗಿನಕಾಯಿ ಹಿಡಿಯುವ ಹುಡುಗ

ಮುಂದಿನ ವರ್ಷ ಒಮಾನಿನ ದಕ್ಷಿಣ ತುದಿಯ ಸಲಾಲಾದಲ್ಲಿ ಒಬ್ಬ ಗೋಲ್‌ಕೀಪರ್ ಇದ್ದಾನೆಂಬ ಸುದ್ದಿ ಬಂತು. ಕೋಚ್ ಸೀದಾ ನನ್ನ ಟೇಬಲ್ಲಿಗೆ ಬಂದರು.

"ಮೇಡಂ, ನೀವೂ ಬನ್ನಿ. ನಾನು ಗಂಡಸರು ಕೂರುವ ಮಜ್ಲಿಸಿನಲ್ಲಿ ಅಪ್ಪಂದಿರ ಜೊತೆ ಗಂಟೆಗಟ್ಟಲೆ ಮಾತಾಡುತ್ತೇನೆ. ಕೊನೆಗೆ ಅವರು 'ಅವನ ತಾಯಿಯನ್ನು ಕೇಳಿ ಹೇಳುತ್ತೇನೆ' ಅನ್ನುತ್ತಾರೆ. ಒಳಗೆ ಹೋಗಿ ತಾಯಿಯನ್ನು ಕೇಳುವವರು ನಮ್ಮಲ್ಲಿ ಯಾರಿದ್ದಾರೆ?"

ಹೊರಟೆವು. ಮಸ್ಕತ್ತಿನಲ್ಲಿ ಧಗಧಗ, ಸಲಾಲಾದಲ್ಲಿ ಇಳಿದರೆ ಜಿಟಿಜಿಟಿ ಮಳೆ. ಹುಡುಗನ ಮನೆಯ ಹಿಂದೆ ತೆಂಗಿನ ತೋಟ. ನಾವು ಗೇಟು ದಾಟುವಾಗ ಬಾಂಗ್ಲಾದ ತೋಟದ ಕೆಲಸದವನು ಮರದ ಮೇಲಿಂದ ಕಾಯಿ ಕಿತ್ತು ಎಸೆಯುತ್ತಿದ್ದ. ಕೆಳಗೆ ಉದ್ದನೆಯ ಹುಡುಗನೊಬ್ಬ ಒಂದನ್ನೂ ನೆಲಕ್ಕೆ ಬೀಳಗೊಡದೆ ಹಿಡಿಯುತ್ತಿದ್ದ. ಎಡಕ್ಕೆ ಎಸೆದರೆ ಎಡಕ್ಕೆ, ಬಲಕ್ಕೆ ಎಸೆದರೆ ಬಲಕ್ಕೆ. ಕೋಚ್ ಅಲ್ಲೇ ನಿಂತುಬಿಟ್ಟರು.

"ಖಲಾಸ್," ಅಂದರು. "ಫುಟ್‌ಬಾಲ್ ಇನ್ನೂ ಮೆತ್ತಗಿರುತ್ತದೆ."

ಅವರು ಮಜ್ಲಿಸಿಗೆ ಹೋದರು, ನಾನು ಒಳಗೆ ತಾಯಿ ಮತ್ತು ಅಜ್ಜಿಯ ಹತ್ತಿರ ಹೋದೆ. ಇಷ್ಟು ವರ್ಷದಲ್ಲಿ ಕಲಿತ ಹರಕುಮುರುಕು ಅರಬ್ಬಿ ನನ್ನದು. ನಾನು ಟೀಚರ್ ಅಲ್ಲ ಅಂತ ಎಷ್ಟು ಹೇಳಿದರೂ ಆ ತಾಯಿ ನನ್ನನ್ನು ಟೀಚರ್ ಅಂತಲೇ ಕರೆದಳು. ಹಾಸ್ಟೆಲ್‌ನಲ್ಲಿ ಮೀನು ಕೊಡುತ್ತಾರಾ, ಬಟ್ಟೆ ಯಾರು ಒಗೆಯುತ್ತಾರೆ, ಗೋಲ್‌ಕೀಪರ್ ಓಡಬೇಕಾಗಿಲ್ಲ ತಾನೆ, ಎಲ್ಲ ಕೇಳಿದಳು. ಆಮೇಲೆ ದನಿ ತಗ್ಗಿಸಿ, "ಚಿಕ್ಕವನಿಂದ ಇವನಿಗೆ ಚೆಂಡು ಬಿಟ್ಟರೆ ಬೇರೆ ಆಸೆ ಇಲ್ಲ, ಟೀಚರ್. ಫೀಸು ಕಟ್ಟಿ ಕಾಲೇಜಿಗೆ ಕಳಿಸಲು ನಮ್ಮಿಂದಾಗದು. ನೀವು ಕರೆದುಕೊಂಡರೆ ಆಡುತ್ತಾನೆ. ಇಲ್ಲದಿದ್ದರೆ ಅಪ್ಪನ ಜೊತೆ ಪೋರ್ಟ್ ಕೆಲಸ," ಅಂದಳು.

"ಖಂಡಿತ ಆಡುತ್ತಾನೆ," ಅಂದೆ. ಅಷ್ಟು ಗಟ್ಟಿಯಾಗಿ ಮಾತು ಕೊಡುವುದಕ್ಕೆ ನಾನ್ಯಾರು ಅಂತ ಈಗ ಅನಿಸುತ್ತದೆ.

ಇನ್ನು ನಮ್ಮ ಕಡೆಯ ಅಭ್ಯಾಸ. ಮೈಸೂರಿನಲ್ಲಿ ಬೆಳೆದ ಹೆಂಗಸು ಒಬ್ಬರ ಮನೆಗೆ ಬರಿಗೈಲಿ ಹೋಗುವುದುಂಟೇ? ನಿಯಮ ನನಗೆ ಗೊತ್ತಿತ್ತು. ಸೀರೆ ಕೊಟ್ಟರೆ ಆಮಿಷ, ಬೆಳ್ಳಿ ಬಟ್ಟಲು ಕೊಟ್ಟರೆ ಆಮಿಷ. ಆದರೆ ರವಿಕೆ ಕಣ ಕೊಟ್ಟರೆ ಅದನ್ನು ಕೊಟ್ಟದ್ದು ಅಂತ ನಮ್ಮಲ್ಲಿ ಯಾರು ತಾನೆ ಲೆಕ್ಕ ಹಿಡಿಯುತ್ತಾರೆ! ಬ್ಯಾಗಿನಿಂದ ಒಂದು ಗಿಳಿಹಸಿರು ಕಣ ತೆಗೆದು ಆಕೆಯ ಕೈಗಿಟ್ಟೆ.

ಅಜ್ಜಿ ಅದನ್ನು ಬಿಡಿಸಿ ಹಿಡಿದು ನೋಡಿದಳು. ಸಲಾಲಾದ ಹೆಂಗಸರ ಉಡುಪು ಹಿಂದೆ ನೆಲ ಗುಡಿಸುವಷ್ಟು ಉದ್ದ. ಕಣ ಆಕೆಯ ಒಂದು ತೋಳಿಗೂ ಸಾಲದು.

"ಪಾಪ, ಎಷ್ಟು ಚೆನ್ನಾಗಿದೆ," ಅಂದಳು. "ಇದು ಯಾವ ಮಗುವಿಗೆ?"

ಹೊರಡುವಾಗ ಅವರು ನಮ್ಮ ಬಾಡಿಗೆ ಕಾರಿಗೆ ತೆಂಗಿನಕಾಯಿ, ಬಾಳೆಗೊನೆ, ಪಪ್ಪಾಯಿ, ಲೋಬಾನದ ಪೊಟ್ಟಣ ತುಂಬಿದರು. ಕೋಚ್ ಗಾಬರಿಯಾಗಿ "ಮೇಡಂ, ನಿಯಮ!" ಅಂದರು.

"ನಿಯಮ ಇರೋದು ನಾವು ಕೊಡೋದಕ್ಕೆ ಸಾರ್. ತಗೊಳ್ಳೋದಕ್ಕಲ್ಲ," ಅಂದೆ.

ಏರ್‌ಪೋರ್ಟಿನಲ್ಲಿ ಲಗೇಜು ಹೆಚ್ಚಾಯಿತು. ಕೋಚ್ ಯೋಚನೆ ಮಾಡಿ, ತಮ್ಮ ತರಬೇತಿಯ ಸಾಮಾನನ್ನು ಅಲ್ಲೇ ಒಬ್ಬರ ಹತ್ತಿರ ಬಿಟ್ಟು ಕಾಯಿ ಹೊತ್ತು ತಂದರು.

ಗೆಳತಿಯ ಫೋನು

ಎದುರಾಳಿ ಕಾಲೇಜಿನಲ್ಲಿ ನನ್ನಂಥದೇ ಕೆಲಸ ಮಾಡುವವಳು ನನ್ನ ಗೆಳತಿ. ಅವಳೂ ಮೈಸೂರಿನವಳು, ದಾರ್ಸೈಟ್‌ನಲ್ಲಿ ಮನೆ. ಶುಕ್ರವಾರ ಕೃಷ್ಣ ದೇವಸ್ಥಾನಕ್ಕೆ ಹೋಗಿ, ಅವಳ ಮನೆಯಲ್ಲೇ ತಿಂಡಿ ತಿಂದು ಅಜೈಬಾದ ನಮ್ಮ ಮನೆಗೆ ವಾಪಸು ಬರುವುದು ನನ್ನ ಪದ್ಧತಿ. ಸಲಾಲಾದಿಂದ ಬಂದು ವಾರ ಕಳೆದಿರಲಿಲ್ಲ, ಅವಳ ಫೋನು ಬಂತು.

"ಏನೇ, ಆ ಗೋಲ್‌ಕೀಪರ್ ಮನೇಲಿ ಕಣ ಕೊಟ್ಟು ಬಂದಿದೀಯಂತೆ!"

"ನಿಂಗ್ಯಾರೇ ಹೇಳಿದ್ದು?"

"ಅವರಮ್ಮನೇ. ನಮ್ಮ ಕಾಲೇಜಿಂದ ನನ್ನೂ ಕಳಿಸಿದ್ರು ಕಣೇ. 'ನಿಮ್ಮ ಕಡೆ ಟೀಚರ್ ಒಬ್ಬಳು ಒಂದು ಚಿಕ್ಕ ಬಟ್ಟೆ ಕೊಟ್ಟಿದ್ದಾಳೆ, ಯಾಕೆ ಅಂತ ಗೊತ್ತಾಗ್ಲಿಲ್ಲ' ಅಂದ್ರು. ಪಾಪ, ಸಾಮಾನು ಒರೆಸೋಕಿರಬೇಕು ಅಂದ್ಕೊಂಡಿದ್ರು. ನಾನು ಕೂತು ಪೂರ್ತಿ ಹೇಳಿಕೊಟ್ಟೆ. ಬಂದ ಮುತ್ತೈದೆ ಹೊರಡುವಾಗ ಕಣದ ಮೇಲೆ ಕಾಯಿ, ಬಾಳೆಹಣ್ಣು ಇಟ್ಟು ಕೊಡ್ತೀವಿ ಅಂತ."

"ನೀನೇನು ಬರಿಗೈಲಿ ಹೋಗಿದ್ಯಾ?"

"ಹೋಗಕ್ಕಾಗತ್ತೇನೇ? ಮೈಸೂರ್ ಪಾಕ್ ಮಾಡ್ಕೊಂಡು ಹೋಗಿದ್ದೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅವಳು ಈ ಕಣದ ಕಥೆಯನ್ನು ಮಾರನೆಯ ದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಹೇಳಿದಳು. ಎಲ್ಲರೂ ನಕ್ಕರು, ಅವಳ ಡೀನ್ ನಗಲಿಲ್ಲ. ಸಂಜೆಗೆ ಸಮಿತಿಗೆ ದೂರು ಹೋಯಿತು: ಆಟಗಾರನ ಕುಟುಂಬಕ್ಕೆ ವಸ್ತ್ರದ ಆಮಿಷ. ನಮ್ಮ ಡೀನ್ ಸುಮ್ಮನಿರುತ್ತಾರೆಯೇ? ನನ್ನ ಬಾಯಿಂದ ಮೈಸೂರ್ ಪಾಕಿನ ವಿಷಯ ಹೊರಡಿಸಿ ಪ್ರತಿದೂರು ಕೊಟ್ಟರು.

ಅವಳು ಫೋನಿನಲ್ಲಿ ಅತ್ತಳು. "ತಮಾಷೆಗೆ ಹೇಳಿದ್ದು ಕಣೇ, ನನ್ನಾಣೆ."

"ನಾನೂ ತಮಾಷೆಗೇ ಹೇಳಿದ್ದು," ಅಂದೆ. "ನಮ್ಮ ಡೀನ್‌ಗಳಿಬ್ಬರಿಗೂ ತಮಾಷೆ ಅಂದರೇನು ಅಂತ ಯಾರಾದರೂ ಫೀಸು ಮಾಫಿ ಮಾಡಿ ಕಲಿಸಬೇಕು."

ವಿಚಾರಣೆ

ಸಮಿತಿಯ ಕರೆ ಹೋದ ಕೂಡಲೇ ಹುಡುಗ ಅಪ್ಪನ ಜೊತೆ ಸಲಾಲಾದಿಂದ ಬಂದ. ಇಸ್ತ್ರಿ ಮಾಡಿದ ಬಿಳಿ ದಿಶ್‌ದಾಶ ನಿಲುವಂಗಿ, ತಲೆ ತಗ್ಗಿಸಿದ ಮುಖ. ಕಣವನ್ನು ನೀಟಾಗಿ ಮಡಿಸಿ ತಂದು ಸಮಿತಿಯ ಮೇಜಿನ ಮೇಲಿಟ್ಟ. ಅದರ ಪಕ್ಕದಲ್ಲಿ ಅವನ ತಾಯಿ ಕಳಿಸಿದ್ದ ಹಲ್ವಾದ ದೊಡ್ಡ ಬಟ್ಟಲನ್ನೂ ಇಟ್ಟ. ಕಹ್ವಾ ಕಾಫಿ ಬಂತು, ಹಲ್ವಾ ಕೈಯಿಂದ ಕೈಗೆ ಹೋಯಿತು, ವಿಚಾರಣೆ ಶುರುವಾಯಿತು.

ಅಧ್ಯಕ್ಷರು ಕಣವನ್ನು ತೋರಿಸಿ ನನ್ನನ್ನು ಕೇಳಿದರು. "ಇದರ ಬೆಲೆ ಎಷ್ಟು?"

"ಗೊತ್ತಿಲ್ಲ ಸರ್. ನಾನು ಕೊಂಡದ್ದಲ್ಲ, ನನಗೆ ಯಾರೋ ಕೊಟ್ಟದ್ದು."

"ಇದರಲ್ಲಿ ಏನು ಹೊಲಿಸುತ್ತಾರೆ?"

"ರವಿಕೆ, ಸರ್. ಆದರೆ ಯಾರೂ ಹೊಲಿಸುವುದಿಲ್ಲ."

"ಮತ್ತೇನು ಮಾಡುತ್ತಾರೆ?"

"ಇನ್ನೊಬ್ಬರಿಗೆ ಕೊಡುತ್ತಾರೆ."

"ಅವರು?"

"ಅವರೂ ಇನ್ನೊಬ್ಬರಿಗೆ ಕೊಡುತ್ತಾರೆ."

"ಕೊನೆಗೆ?"

"ಕೊನೆ ಅಂತ ಇಲ್ಲ, ಸರ್."

ಅಧ್ಯಕ್ಷರು ಕಣವನ್ನು ಬಿಡಿಸಿದರು. ಗಿಳಿಹಸಿರು ಮೈ, ಕುಂಕುಮ ಬಣ್ಣದ ಅಂಚು, ಮೂಲೆಯಲ್ಲಿ ಒಂದು ಅರಿಶಿನದ ಕಲೆ. ಎದುರು ಸಾಲಿನಲ್ಲಿ ಕೂತಿದ್ದ ನನ್ನ ಗೆಳತಿ, ಎಲ್ಲಿದ್ದೇನೆಂಬುದನ್ನೂ ಮರೆತು ಎದ್ದು ನಿಂತಳು.

"ಅಯ್ಯೋ, ಇದು ನಂದು ಕಣೇ! ಗೌರಿ ಹಬ್ಬಕ್ಕೆ ನಿಂಗೆ ನಾನೇ ಕೊಟ್ಟಿದ್ದಲ್ವಾ! ಆ ಅರಿಶಿನ ನನ್ನ ಕೈಯಿಂದ್ಲೇ ಬಿದ್ದಿದ್ದು!"

ಅವಳು ಕನ್ನಡದಲ್ಲಿ ಹೇಳಿದ್ದನ್ನು ನಾನೇ ಸಮಿತಿಗೆ ಅನುವಾದ ಮಾಡಬೇಕಾಯಿತು. ಅವಳ ಡೀನ್ ಮುಖ ನೋಡುವಂತಿತ್ತು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು.

"ಅಂದರೆ ಆಮಿಷ ದೂರು ಕೊಟ್ಟ ಕಾಲೇಜಿನಿಂದಲೇ ಹೊರಟಿದೆ," ಅಂದರು. "ಹಾಗಾದರೆ ನಿಮಗೆ ಇದನ್ನು ಯಾರು ಕೊಟ್ಟರು?"

"ಅದು ನನಗೂ ನೆನಪಿಲ್ಲ ಸರ್," ಅಂದಳು ಗೆಳತಿ.

ಅಷ್ಟರಲ್ಲಿ ಸದಸ್ಯರೊಬ್ಬರು ಹಲ್ವಾ ಬಾಯಿಗೆ ಹಾಕಿಕೊಳ್ಳುತ್ತಿದ್ದವರು ಕೈ ತಡೆದು, "ನಾವು ತಿನ್ನುತ್ತಿರುವುದು ಯಾರ ಮನೆಯದು?" ಅಂತ ಕೇಳಿದರು. ಬಟ್ಟಲು ಆಗಲೇ ಖಾಲಿಯಾಗಿತ್ತು.

ನಗು ಅಲ್ಲಿಗೆ ಮುಗಿಯಿತು. ತೀರ್ಪು ಹೇಳುವಾಗ ಅಧ್ಯಕ್ಷರ ಮುಖದಲ್ಲೂ ಬೇಸರವಿತ್ತು. "ಇಬ್ಬರೂ ಕೊಟ್ಟದ್ದನ್ನು ಒಪ್ಪಿಕೊಂಡಿದ್ದೀರಿ. ಇವತ್ತು ಚಿಕ್ಕದು ಅಂತ ಬಿಟ್ಟರೆ ನಾಳೆ ಕಾರು ಕೊಟ್ಟವರನ್ನೂ ಬಿಡಬೇಕಾಗುತ್ತದೆ. ಈ ವರ್ಷ ಇವನು ನಿಮ್ಮಿಬ್ಬರಲ್ಲಿ ಯಾರಿಗೂ ಆಡುವಂತಿಲ್ಲ." ಉಳಿದ ಕಾಲೇಜುಗಳಲ್ಲಿ ಫೀಸು ಮಾಫಿಯ ಜಾಗಗಳು ಆಗಲೇ ತುಂಬಿಹೋಗಿದ್ದವು.

ಹುಡುಗ ಕಣವನ್ನು ಹಳೆಯ ಮಡಿಕೆಯಲ್ಲೇ ಮಡಿಸಿ, ಯಾರಿಗೆ ಕೊಡಲಿ ಅಂತ ನನ್ನನ್ನೂ ಗೆಳತಿಯನ್ನೂ ನೋಡಿದ. ಕೊಟ್ಟದ್ದನ್ನು ವಾಪಸು ತಗೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಇಬ್ಬರೂ ಕೈ ಚಾಚಲಿಲ್ಲ. ಅವನು ಅದನ್ನು ಜೇಬಿನಲ್ಲಿಟ್ಟುಕೊಂಡು ಅಪ್ಪನ ಹಿಂದೆ ಹೊರಟುಹೋದ. ನನಗೆ ಆಗ ಎಷ್ಟು ನಾಚಿಕೆಯಾಯಿತೆಂದರೆ, ಅವನ ಬೆನ್ನನ್ನೂ ಸರಿಯಾಗಿ ನೋಡಲಾಗಲಿಲ್ಲ.

ಬರಿಗೈ

ಮರುವರ್ಷ ಕೋಚ್ ಮತ್ತೆ ಅವರ ಮನೆಗೆ ಫೋನು ಮಾಡಿದರು. "ಪೋರ್ಟಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಆಟ ಖಲಾಸ್," ಅಂದರಂತೆ ಅಪ್ಪ. ಆ ಸಲದ ಗೌರಿ ಹಬ್ಬಕ್ಕೆ ಗೆಳತಿ ನಮ್ಮ ಮನೆಗೆ ಬಂದಳು, ನಾನೂ ಅವಳ ಮನೆಗೆ ಹೋದೆ. ಅರಿಶಿನ ಕುಂಕುಮ, ತಾಂಬೂಲ ಎಲ್ಲ ಆಯಿತು. ಕಣ ಮಾತ್ರ ಅವಳೂ ಕೊಡಲಿಲ್ಲ, ನಾನೂ ಕೊಡಲಿಲ್ಲ.

ಅದರ ಮುಂದಿನ ಮಳೆಗಾಲದಲ್ಲಿ ಯಜಮಾನರು, ಮಗಳ ಜೊತೆ ಸಲಾಲಾ ನೋಡಲು ಹೋದೆವು. ಆ ಮನೆಯ ರಸ್ತೆ ದಾಟಿ ಹೋಗಲು ನನ್ನಿಂದಾಗಲಿಲ್ಲ. ಕಾರು ನಿಲ್ಲಿಸಿ ಅಂದೆ. ಹುಟ್ಟಿದ ಮೇಲೆ ಮೊದಲ ಸಲ ಒಬ್ಬರ ಮನೆಗೆ ಬರಿಗೈಲಿ ಹೋದೆ. ಬೇಕೆಂದೇ ಹೋದೆ.

"ಅಮ್ಮಾ, ಅಟ್‌ಲೀಸ್ಟ್ ಚಾಕೊಲೇಟ್ಸ್?" ಅಂದಳು ಮಗಳು.

"ಬಾಯ್ಮುಚ್ಚು. ಅದೆಲ್ಲ ಕೊಡೋ ಹಾಗಿಲ್ಲ."

ತಾಯಿ ನನ್ನನ್ನು ಕಂಡು ತಬ್ಬಿಕೊಂಡಳು. ನಾನು ಕ್ಷಮಿಸು ಅನ್ನುವಷ್ಟರಲ್ಲಿ ಕಹ್ವಾ ಬಂತು. ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಹಲ್ವಾ ಬಂತು. ಅಜ್ಜಿ ನಮ್ಮ ಮಗಳ ಕೆನ್ನೆ ಹಿಡಿದು, ಆ ಬಟ್ಟೆ ಇವಳಿಗೂ ಸಾಲುತ್ತಿರಲಿಲ್ಲ ಅಂತ ನಕ್ಕಳು.

ಹೊರಡುವ ಹೊತ್ತಿಗೆ ಹುಡುಗ ಡ್ಯೂಟಿ ಮುಗಿಸಿ ಬಂದ. ಪೋರ್ಟಿನ ಸಮವಸ್ತ್ರ, ಮುಖ ಸ್ವಲ್ಪ ತುಂಬಿಕೊಂಡಿತ್ತು. ನನಗೆ ಸಲಾಂ ಹೇಳಿ ಸುಮ್ಮನೆ ನಮ್ಮ ಕಾರಿಗೆ ತೆಂಗಿನಕಾಯಿ ತುಂಬಲು ನಿಂತ. ಡಿಕ್ಕಿ ತುಂಬಿ, ಮೇಲಿದ್ದ ಒಂದು ಕಾಯಿ ಜಾರಿತು. ಅವನು ಬೇರೆ ಕಡೆ ನೋಡುತ್ತಿದ್ದವನು, ಒಂದೇ ಕೈಯಲ್ಲಿ, ನೆಲ ಮುಟ್ಟುವ ಮೊದಲು ಹಿಡಿದ.

"ವ್ಹಾ, ಸೂಪರ್ ಸೇವ್!" ಅಂದುಬಿಟ್ಟರು ನಮ್ಮ ಯಜಮಾನರು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಹುಡುಗ ಒಂದು ಸಲ ಕಾಯಿಯನ್ನು ನೋಡಿ, ಅದನ್ನು ಒಳಗಿಟ್ಟು ಡಿಕ್ಕಿ ಮುಚ್ಚಿದ.

ಅಷ್ಟರಲ್ಲಿ ತಾಯಿ ಒಳಗಿನಿಂದ ಎರಡೂ ಕೈಯಲ್ಲಿ ಏನನ್ನೋ ಹಿಡಿದುಕೊಂಡು ಬಂದಳು. ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು. ಅವುಗಳ ಕೆಳಗೆ ನೀಟಾಗಿ ಮಡಿಸಿದ ಗಿಳಿಹಸಿರು ಕಣ, ಮೂಲೆಯಲ್ಲಿ ಅದೇ ಅರಿಶಿನದ ಕಲೆ.

"ನಿನ್ನ ಗೆಳತಿ ಹೇಳಿಕೊಟ್ಟಿದ್ದಳು, ಹೀಗೇ ಕೊಡಬೇಕು ಅಂತ. ಸರಿಯಾಗಿದೆಯಾ?"

ನನಗೆ ಗೊತ್ತಿಲ್ಲದೆಯೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವಳಿಗೆ ಅರ್ಥವಾಯಿತು. ನಗುತ್ತಲೇ ಅದನ್ನು ನನ್ನ ಮಡಿಲಿಗೆ ಹಾಕಿದಳು.

"ತಗೋ ಟೀಚರ್, ಹೆದರಬೇಡ. ಅವನು ಈಗ ಆಡುವುದಿಲ್ಲವಲ್ಲ. ಇನ್ನು ಯಾರು ಯಾರಿಗೆ ಏನು ಬೇಕಾದರೂ ಕೊಡಬಹುದು."