ಮೊದಲ ನೀರಿಗೆ ಆಧಾರವೇನು?

ಎಲ್ಲ ರಗಳೆಗೂ ಕಾರಣ ಒಂದೇ ಒಂದು ವಾಕ್ಯ: 'ಸಾರ್ವಜನಿಕ ಸ್ನಾನದ ಮನೆಯ ಬಾಗಿಲು ತೆರೆಯುವ ಮೊದಲೇ ಮುದುಕರು ಬಂದು ಸಾಲು ನಿಲ್ಲುತ್ತಾರೆ, ತೊಟ್ಟಿಗೆ ಆಗಷ್ಟೇ ತುಂಬಿದ ಮೊದಲ ನೀರಿಗೆ ತಾವೇ ಇಳಿಯಬೇಕೆಂಬುದು ಪ್ರತಿಯೊಬ್ಬರ ಹಟ.' ಪ್ರಬಂಧ ಬರವಣಿಗೆಯ ತರಗತಿಗೆಂದು ನುಮಾತ ಶೂಹೆಯ್ ಬರೆದದ್ದು. ಇಗುಚಿ ಮೇಷ್ಟ್ರು ಅದರ ಪಕ್ಕ ಕೆಂಪು ಶಾಯಿಯಲ್ಲಿ 'ಆಧಾರ?' ಎಂದು ಗೀಚಿದ್ದರು.

"ನಾನೇ ನೋಡಿದ್ದೀನಿ ಸಾರ್. ಅದು ನಮ್ಮಜ್ಜಿ ನಡೆಸೋ ಸ್ನಾನದ ಮನೆ."

"ಸಂತೋಷ. ಆದ್ರೆ ನೀವು ಯಾರು, ನುಮಾತ ಅವರೇ? ವಿದ್ವತ್ತಿನ ಬರಹದಲ್ಲಿ 'ನಾನು' ಅನ್ನೋರು ಇರಲ್ಲ. ಅಚ್ಚಾಗಿರೋ ಆಧಾರ ಬೇಕು, ಅದರ ಜೆರಾಕ್ಸೂ ಬೇಕು. ಇವತ್ತು ಐದಕ್ಕೆ ಪ್ರಬಂಧ ಹಾಕೋ ಪೆಟ್ಟಿಗೆ ಮುಚ್ತಾರೆ."

ಹೋದ ವರ್ಷ ಇದೇ ತರಗತಿಯಲ್ಲಿ ಡುಮ್ಕಿ ಹೊಡೆದವನು ಶೂಹೆಯ್. ಈ ಸಲವೂ ಹೋದರೆ, ಬರುವ ವರ್ಷ ಇದೇ ಕಾಲೇಜಿಗೆ ಸೇರಲಿರುವ ತಂಗಿಯ ಪಕ್ಕ ಕೂತು ಕಲಿಯಬೇಕು. ಅವಳು ಸುಮ್ಮನೆ ಕೂರುವ ಪೈಕಿಯಲ್ಲ.

ಬರವಣಿಗೆ ಸಹಾಯ ಕೊಠಡಿಗೆ ಓಡಿದ. "ಅಷ್ಟೇನಾ?" ಎಂದಳು ಸೀನಿಯರ್ ಚಿನಾತ್ಸು. "ಕೊನೆಗೆ 'ಎಂದು ಭಾವಿಸಲಾಗಿದೆ' ಅಂತ ಸೇರಿಸ್ಕೊ ಕಣೋ."

ಸೇರಿಸಿದ. ಪಕ್ಕದ ಮೇಜಿನವನೊಬ್ಬ ಕತ್ತು ಚಾಚಿ, "ಯಾರು ಭಾವಿಸಿದ್ದು?" ಎಂದ. ಅಷ್ಟಕ್ಕೇ ಅವರಿಬ್ಬರೂ ಮುಕ್ಕಾಲು ಗಂಟೆ ಕಿತ್ತಾಡಿದರು. ಶೂಹೆಯ್‌ನನ್ನು ಕೇಳುವವರೇ ಇರಲಿಲ್ಲ.

ತಲೆ ಕೆಟ್ಟು ಅಜ್ಜಿಗೆ ಫೋನ್ ಮಾಡಿದ.

"ಐವತ್ತು ವರ್ಷದಿಂದ ಗಲ್ಲಾದಲ್ಲಿ ಕೂತಿದ್ದೀನಿ, ನನ್ನ ಮಾತಿಗೂ ಆಧಾರ ಬೇಕಂತಾ? ಕರ್ಕೊಂಡು ಬಾ ನಿನ್ನ ಮೇಷ್ಟ್ರನ್ನ. ಮೊದಲ ನೀರಲ್ಲಿ ಅದ್ದಿ ಕಳಿಸ್ತೀನಿ!"

"ಅಚ್ಚಾಗಿರಬೇಕಂತೆ, ಅಜ್ಜಿ."

"ಹಾಗಾದ್ರೆ ನನ್ನನ್ನೇ ಅಚ್ಚು ಹಾಕ್ಸು!"

ಕೊನೆಗೆ ನಾಲ್ಕೂವರೆಗೆ ಗ್ರಂಥಾಲಯದಾಕೆ ಧೂಳು ಕೊಡವಿ ಒಂದು ಪುಸ್ತಿಕೆ ಕೊಟ್ಟರು. ಅಜ್ಜಿಯ ಊರಿನ ಬಡಾವಣೆ ಕಚೇರಿ ಪ್ರಕಟಿಸಿದ್ದು. ಮೂವತ್ತೊಂದನೇ ಪುಟದಲ್ಲಿ ಅದೇ ಮುದುಕರು, ಅದೇ ಸಾಲು, ಅದೇ ಹಟ! ಶೂಹೆಯ್ ಪುಟಸಂಖ್ಯೆ, ಇಸವಿ, ಕಚೇರಿಯ ಹೆಸರು ಗೀಚಿಕೊಂಡು, ಜೆರಾಕ್ಸ್ ಹಿಡಿದು ಎದ್ದೆನೋ ಬಿದ್ದೆನೋ ಎಂದು ಓಡಿದ.

ಐದಕ್ಕೆ ಎರಡು ನಿಮಿಷವಿತ್ತು. ಪೆಟ್ಟಿಗೆಯ ಬಳಿಯೇ ನಿಂತಿದ್ದ ಮೇಷ್ಟ್ರು ಹಾಳೆ ಇಸಿದುಕೊಂಡು ಓದಿದರು. ಮುಖ ಅರಳಿತು. "ಇದು ನೋಡಿ ವಿದ್ವತ್ತು!" ಎಂದವರು ಜೆರಾಕ್ಸನ್ನು ಕಣ್ಣಿನ ಹತ್ತಿರ ಹಿಡಿದರು. ಪುಟದ ತಳದಲ್ಲಿ ಸಣ್ಣ ಅಕ್ಷರಗಳಿದ್ದವು: 'ನುಮಾತ ಶೂಹೆಯ್, ಮೂರನೇ ತರಗತಿ.'

ಆಗ ನೆನಪಾಯಿತು ಅವನಿಗೆ, ಆ ವರ್ಷ ಬಡಾವಣೆ ಕಚೇರಿಗೆ ಕಳಿಸಿದ್ದ ಬೇಸಿಗೆ ರಜೆಯ ಪ್ರಬಂಧಕ್ಕೆ ಸಿಕ್ಕ ಬಹುಮಾನದ ಪೆನ್ಸಿಲ್ ಡಬ್ಬಿ.

"ನೀವೇನಾ?"

"ಹೂಂ, ಸಾರ್."

ಐದಾಯಿತು. ಹಾಳೆ ಇನ್ನೂ ಮೇಷ್ಟ್ರ ಕೈಯಲ್ಲಿರುವಾಗಲೇ ಕಚೇರಿಯ ಗುಮಾಸ್ತೆ ಬಂದು ಪೆಟ್ಟಿಗೆಗೆ ಬೀಗ ಹಾಕಿದಳು.

"ಆಗ ಎಷ್ಟು ಚೆನ್ನಾಗಿ ಬರೀತಿದ್ರಿ!" ಎಂದು ಮೇಷ್ಟ್ರು ನಿಟ್ಟುಸಿರುಬಿಟ್ಟರು. ಆಮೇಲೆ ಕೆಂಪು ಪೆನ್ನು ತೆಗೆದು, ಮೂರನೇ ತರಗತಿಯ ಆ ಹುಡುಗನ ವಾಕ್ಯದ ಪಕ್ಕದಲ್ಲೂ ಬರೆದರು: 'ಆಧಾರ?'