ಶವದ ಗಾಡಿಯನ್ನು ಅಳಿಸಿದ ಕಂಪ್ಯೂಟರಿನ ತಯಾರಕರಿಗೆ

ಮಾನ್ಯರಲ್ಲಿ ಮಾನ್ಯರಾದ ಗೃಹಬಳಕೆ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರೇ,

ತೈವಾನಿನ ಚ್ಯಾಯಿ ಪಟ್ಟಣದ ಶ್ವೇ ಬಿ-ಯುನ್ ಎಂಬ ಅರವತ್ತನಾಲ್ಕರ ಹೆಂಗಸು, ಮಂಡಿನೋವು ಅನುಮತಿಸುವಷ್ಟು ಬಗ್ಗಿ ಮಾಡುವ ನಮಸ್ಕಾರಗಳು. ತಾವೂ ತಮ್ಮ ಹದಿನೇಳು ಮಾದರಿಗಳೂ ಕ್ಷೇಮವೆಂದು ನಂಬುತ್ತೇನೆ. ಪತ್ರ ತಲುಪುವ ಹೊತ್ತಿಗೆ ಅವು ಹತ್ತೊಂಬತ್ತಾಗಿದ್ದರೆ ಹೊಸದಾಗಿ ಹುಟ್ಟಿದ ಎರಡಕ್ಕೂ ನನ್ನ ಆಶೀರ್ವಾದ. ತಮ್ಮ ಕಂಪನಿಯ ಹೆಸರನ್ನು ಬರೆದು ಬಿಟ್ಟಿ ಪ್ರಚಾರ ಕೊಡುವಷ್ಟು ಉದಾರಿ ನಾನಲ್ಲವಾದ್ದರಿಂದ ಈ ಬಹಿರಂಗ ಪತ್ರದಲ್ಲಿ ತಾವು ಬರೀ 'ಮಾನ್ಯರು' ಆಗಿರುತ್ತೀರಿ, ಕ್ಷಮಿಸಬೇಕು.

ನಾನು ಇಪ್ಪತ್ತೊಂದು ವರ್ಷ ಮಹಿಳಾ ವಾದ್ಯತಂಡವೊಂದರಲ್ಲಿ ಡೋಲು ಬಾರಿಸಿದವಳು. ಬಿಳಿ ಬೂಟು, ಕೆಂಪು ಕೋಟು ತೊಟ್ಟು ಅಂಗಡಿಗಳ ಉದ್ಘಾಟನೆಗೂ ಹೋಗುತ್ತಿದ್ದೆವು, ಆದರೆ ನಮ್ಮ ಹೊಟ್ಟೆ ಹೊರೆದದ್ದು ಶವಯಾತ್ರೆಗಳೇ. ನಮ್ಮ ವ್ಯಾನಿನ ಚಾಲಕನಿಗೆ ಕ್ಯಾಮೆರಾದ ಹುಚ್ಚಿತ್ತು, ಆದ್ದರಿಂದ ಇಪ್ಪತ್ತಾರು ಟೇಪುಗಳು ಉಳಿದಿವೆ. ಅವನ್ನೆಲ್ಲ ಫೋಟೋ ಅಂಗಡಿಯವರು ಒಂದು ಡಿಸ್ಕಿಗೆ ಇಳಿಸಿಕೊಟ್ಟಿದ್ದಾರೆ. ಅದರಿಂದ ಬೇಕಾದಷ್ಟನ್ನು ಕತ್ತರಿಸಿ, ಜೋಡಿಸಿ, ಅರ್ಧ ಗಂಟೆಯ ಒಂದು ಚಿತ್ರ ಮಾಡಲು ಕಂಪ್ಯೂಟರು ಬೇಕಿತ್ತು. ನನ್ನ ಬೇಡಿಕೆ ಇಷ್ಟೇ.

ಆತುರಕ್ಕೊಂದು ಕಾರಣವಿತ್ತು. ನಮ್ಮ ತುತ್ತೂರಿಯವಳು ಚಿಯಾಂಗ್ ಸು-ಛೂನ್, ನಮಗೆಲ್ಲ ಅಛೂನ್. ಅವಳ ದೃಷ್ಟಿ ನಟ್ಟನಡುವಿನಿಂದ ಅಳಿಸಿಹೋಗುತ್ತಿದೆ, ವರ್ಷದ ಕೊನೆಗೆ ಮುಖಗಳು ಗುರುತು ಸಿಗುವುದಿಲ್ಲ ಎಂದು ಕಣ್ಣಿನ ವೈದ್ಯರು ಏಪ್ರಿಲ್‌ನಲ್ಲೇ ಹೇಳಿದ್ದರು. ಅದನ್ನು ಕೇಳಿ ಬಂದ ದಿನ ಅವಳು ಟರ್ಕಿ ಕೋಳಿಯ ಅನ್ನದ ಬಟ್ಟಲು ಕೆಳಗಿಟ್ಟು, "ಬಿ-ಯುನ್, ಊದುವಾಗ ನಾನು ಹೆಂಗ್ ಕಾಣ್ತಿದ್ದೆ ಅಂತ ಒಂದೇ ಒಂದ್ಸಲ ನೋಡ್ಬೇಕು ಕಣೇ. ಕನ್ನಡಿ ಮುಂದೆ ನಿಂತು ಯಾರೂ ಮೆರವಣಿಗೇಲಿ ಊದಲ್ಲ ನೋಡು" ಎಂದಳು. ಆಗೆಲ್ಲ ಟೇಪು ಹಾಕಿದರೆ ನಾಚಿಕೊಂಡು ಅಡುಗೆಮನೆಗೆ ಓಡುತ್ತಿದ್ದವಳು ಅವಳು.

ಹಾಗಾಗಿ ನಾನು ತಮ್ಮ ವೆಬ್‌ಸೈಟಿನ ಘನವಾದ ಆಯ್ಕೆಪುಟದ ಬಾಗಿಲು ಬಡಿದೆ. ವಿಡಿಯೋ ಎಂದು ಒತ್ತಿದರೆ ಅದು ಎಲ್ಲಕ್ಕಿಂತ ದೊಡ್ಡ ಮಾದರಿಯನ್ನು ತೋರಿಸಿತು, ಮನೆಬಳಕೆ ಎಂದು ಒತ್ತಿದರೆ ಎಲ್ಲಕ್ಕಿಂತ ಚಿಕ್ಕದನ್ನು ತೋರಿಸಿತು, ಎರಡನ್ನೂ ಒತ್ತಿದರೆ ತುಂಬ ಹೊತ್ತು ಆಲೋಚಿಸಿ ಮಳಿಗೆಗೆ ಹೋಗಿ ಎಂದಿತು. ಮನೆಯಲ್ಲಿ ಕೂತು ವಿಡಿಯೋ ಜೋಡಿಸುವ ಪ್ರಾಣಿಯೊಂದು ಭೂಮಿಯ ಮೇಲೆ ಇರಬಹುದೆಂದು ಊಹಿಸದೆಯೇ ಹದಿನೇಳು ಮಾದರಿ ಹೆತ್ತ ತಮ್ಮ ತಂತ್ರಜ್ಞರ ಕಲ್ಪನಾಶಕ್ತಿಗೆ ನಾನು ತಲೆಬಾಗಿದೆ.

ಮಳಿಗೆಯಲ್ಲಿ ಸಿಕ್ಕವರು ಶ್ರೀ ಫಾಂಗ್. ಟೈ ಕಟ್ಟಿದ, ನಲವತ್ತು ದಾಟಿದ ಸಜ್ಜನ. "ಆಂಟಿ, ಏಯ್ಟ್-ಕೆ ವಿಡಿಯೋನಾ, ಭಾರಿ ಸ್ಪಷ್ಟ ಇರುತ್ತಲ್ಲ ಅದು?" ಎಂದರು. ಇಲ್ಲಪ್ಪ, ಸಾವಿನ ಮೆರವಣಿಗೆ ಎಂದೆ. ಟೈ ಸರಿಪಡಿಸಿಕೊಂಡು, "ಆದ್ರೂ ಆಂಟಿ, ದೊಡ್ಡದೇ ತಗೊಳ್ಳಿ, ಮುಂದಕ್ಕೆ ಬೇಕಾಗುತ್ತೆ" ಎಂದರು. ನನ್ನ ಚಿತ್ರದಲ್ಲಿರುವ ಮುಖ್ಯ ಪಾತ್ರಧಾರಿಗಳೆಲ್ಲ ಪೆಟ್ಟಿಗೆಯೊಳಗೆ ಮಲಗಿರುವವರು, ಅವರಿಗೆ ಮುಂದೆ ಎಂಬುದಿಲ್ಲ ಎಂದು ವಿವರಿಸಿದ ಮೇಲೆ, ನನಗೆ ತಕ್ಕದ್ದು ನಡುವಿನ ಮಾದರಿ ಎಂದು ಒಪ್ಪಿಕೊಂಡರು. ಆದರೆ ಆ ಮಾದರಿ ಹಿಂದಿನ ವಾರವೇ ನಿಂತುಹೋಗಿತ್ತು. "ಸ್ವಲ್ಪ ತಡೀರಿ ಆಂಟಿ, ಹೊಸದು ಬರ್ತಿದೆ, ಇದರಪ್ಪನಂಥದ್ದು!"

ತಡೆದೆ. ಜೂನ್ ಹೋಯಿತು, ಜುಲೈ ಹೋಯಿತು. ಅಷ್ಟರಲ್ಲಿ ಅಛೂನ್ ಬಟ್ಟಲಿನ ಪಕ್ಕಕ್ಕೆ ಚಹಾ ಸುರಿಯತೊಡಗಿದ್ದಳು, ಬಸ್ಸಿನ ನಂಬರು ಕೇಳಲು ಪಕ್ಕದವರ ತೋಳು ಜಗ್ಗುತ್ತಿದ್ದಳು. ಆಗಸ್ಟಿನಲ್ಲಿ ಇದರಪ್ಪನಂಥದ್ದು ಬಂತು. ಹಳೆಯದಕ್ಕೂ ಅದಕ್ಕೂ ನನಗೆ ಕಂಡ ವ್ಯತ್ಯಾಸ ಹೊಟ್ಟೆಯೊಳಗೆ ಉರಿಯುವ ಒಂದು ನೀಲಿ ದೀಪ.

ಕೊಳ್ಳುವ ಮೊದಲು ನೋಡಿಬಿಡೋಣವೆಂದು ಡಿಸ್ಕನ್ನು ಒಯ್ದಿದ್ದೆ. ಫಾಂಗ್ ಅದನ್ನು ಸಿಕ್ಕಿಸಿ, ಹೆಮ್ಮೆಯಿಂದ 'ತಾನೇ ಸುಂದರಗೊಳಿಸುವ' ಗುಂಡಿ ಒತ್ತಿದರು. ಮಾನ್ಯರೇ, ತಮ್ಮ ಯಂತ್ರದ ಸೌಂದರ್ಯಪ್ರಜ್ಞೆಯನ್ನು ಹೊಗಳಲು ಪದಗಳಿಲ್ಲ. ಅದು ಸುರಿಯುತ್ತಿದ್ದ ಮಳೆಯನ್ನು ನಿಲ್ಲಿಸಿತು. ಅಳುತ್ತಿದ್ದ ಸೊಸೆಯಂದಿರ ಮುಖದ ಸುಕ್ಕು ಒರೆಸಿ ಹಲ್ಲುಗಳಿಗೆ ಹೊಳಪು ಕೊಟ್ಟಿತು. ಕೊನೆಗೆ, ಮುಂದೆ ಸಾಗುತ್ತಿದ್ದ ಹೂವಿನ ಶವಗಾಡಿಯನ್ನು ದೃಶ್ಯಕ್ಕೆ ಅಡ್ಡ ಬಂದ ಯಾವುದೋ ವಾಹನವೆಂದು ತೀರ್ಮಾನಿಸಿ ಅಳಿಸಿಯೇಬಿಟ್ಟಿತು. ಸೂತಕದ ಒರಟು ಸೆಣಬು ಹೊದ್ದ ನಲವತ್ತು ಮಂದಿ ಖಾಲಿ ರಸ್ತೆಯ ಹಿಂದೆ ಅಳುತ್ತ ನಡೆದರು.

"ನೋಡಿ ಆಂಟಿ, ಎಷ್ಟ್ ಕ್ಲೀನ್ ಆಯ್ತು!" ಎಂದರು ಫಾಂಗ್.

ನಾನು ನೋಡುತ್ತಿದ್ದದ್ದು ಅಛೂನಳನ್ನು. ಅವಳ ಉಬ್ಬಿದ ಕೆನ್ನೆಗಳನ್ನು ತಮ್ಮ ಯಂತ್ರ ಸಪಾಟು ಮಾಡಿತ್ತು. ಸಿನಿಮಾ ನಟಿಯಂಥ ಗಲ್ಲದ ಯಾರೋ ಹೆಂಗಸು ತುತ್ತೂರಿಗೆ ಮುತ್ತಿಡುತ್ತ ನಿಂತಿದ್ದಳು. ಆ ಗುಂಡಿಯನ್ನು ಆಫ್ ಮಾಡಿ ಎಂದೆ. ಫಾಂಗ್ ಹತ್ತು ನಿಮಿಷ ಹುಡುಕಿ, "ಇದ್ರಲ್ಲಿ ಅದು ಆಫ್ ಆಗಲ್ಲ ಆಂಟಿ, ಅದೇ ಇದರ ವಿಶೇಷ" ಎಂದರು. ಡಿಸ್ಕನ್ನು ಕಿತ್ತುಕೊಂಡು ಬಂದುಬಿಟ್ಟೆ.

ಆಮೇಲೆ ನಡೆದದ್ದು ತಮ್ಮಂಥವರಿಗೆ ನಾಚಿಕೆಗೇಡು. ನಮ್ಮ ಕ್ಲಾರಿನೆಟ್ಟಿನವಳು ಲ್ಯು ಫೆಯ್-ಚೆನ್ ಈಗ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ. ಅಲ್ಲಿ ಗಿರಾಕಿಗಳ ಸರದಿ ಬರೆದಿಡಲು ಒಂಬತ್ತು ವರ್ಷದ ಹಳೆಯ ಕಂಪ್ಯೂಟರೊಂದಿದೆ. "ನಮ್ಮ ಮುದುಕಪ್ಪನ ಮೇಲೆ ಟ್ರೈ ಮಾಡು, ಹೋದ್ರೆ ಹೋಗ್ಲಿ" ಎಂದಳು. ವಿಡಿಯೋ ಜೋಡಿಸಲು ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಹಾಕಿಕೊಂಡೆ. ಒಂದು ತುಂಡು ಜೋಡಿಸಿದರೆ ಒಬ್ಬರ ಕೂದಲು ಗುಂಗುರು ಮಾಡಿ ಮುಗಿಸುವಷ್ಟು ಹೊತ್ತು ಅದು ಏದುಸಿರು ಬಿಡುತ್ತಿತ್ತು, ಆದರೆ ಹೇಳಿದ್ದನ್ನು ಮಾತ್ರ ಮಾಡುತ್ತಿತ್ತು. ಮಳೆ ಮಳೆಯಾಗಿಯೇ ಉಳಿಯಿತು, ಹೆಣ ಹೆಣವಾಗಿಯೇ ಉಳಿಯಿತು. ಒಂದು ತಿಂಗಳಲ್ಲಿ ಚಿತ್ರ ಮುಗಿಯಿತು.

ಸೆಪ್ಟೆಂಬರಿನ ಒಂದು ಸೋಮವಾರ ಅಂಗಡಿಗೆ ರಜೆ ಹಾಕಿ ಅಛೂನಳನ್ನು ಪರದೆಗೆ ಗೇಣು ದೂರದಲ್ಲಿ ಕೂರಿಸಿದೆವು. ನಡುವೆ ಕಾಣದ್ದರಿಂದ ಅವಳು ಕುತ್ತಿಗೆ ತಿರುಗಿಸಿ, ಕಡೆಗಣ್ಣಲ್ಲಿ ನೋಡಿದಳು. ಆಮೇಲೆ, "ಅಯ್ಯೋ, ಇಷ್ಟು ದಪ್ಪ ಕೆನ್ನೆನಾ ನಂದು! ಕಪ್ಪೆ ತರ ಇದೀನಲ್ರೇ! ಒಬ್ಳಾದ್ರೂ ಹೇಳ್ಬಾರ್ದಿತ್ತಾ?" ಎಂದು ತೊಡೆ ತಟ್ಟಿಕೊಂಡು ನಕ್ಕಳು. ಮತ್ತೆ ಹಾಕಿಸಿದಳು, ಮತ್ತೆ ಹಾಕಿಸಿದಳು. ಆರನೆಯ ಸಲ ನಗು ನಿಂತಿತು.

"ಬಿ-ಯುನ್, ಕಣ್ಣು ಕಾಣಿಸ್ತಿಲ್ಲ ಕಣೇ. ಊದುವಾಗ ಮುಚ್ಕೊಂಡಿದ್ನಾ, ಬಿಟ್ಕೊಂಡಿದ್ನಾ?"

ತೆರೆದೇ ಇದ್ದವು, ನೇರ ಕ್ಯಾಮೆರಾವನ್ನೇ ನೋಡುತ್ತಿದ್ದಳು. ಹಾಗೆಂದೆ. "ಹೌದಾ" ಎಂದು ಪರದೆಯನ್ನು ಬೆರಳಿಂದ ಸವರಿದಳು.

ಮಾನ್ಯರೇ, ಜೂನಿನಲ್ಲಾಗಿದ್ದರೆ ಅದನ್ನು ಅವಳೇ ನೋಡುತ್ತಿದ್ದಳು. ಆದ್ದರಿಂದ ನನ್ನ ಕೋರಿಕೆ ಚಿಕ್ಕದು: ಮುಂದಿನ ಮಾದರಿಯಲ್ಲಿ, ನೀಲಿ ದೀಪದ ಪಕ್ಕದಲ್ಲೆಲ್ಲಾದರೂ ಜಾಗ ಮಾಡಿಕೊಂಡು, ಈ ವರ್ಷದ ಜೂನ್ ಮತ್ತು ಜುಲೈ ತಿಂಗಳುಗಳನ್ನು ಇಟ್ಟು ನನ್ನ ವಿಳಾಸಕ್ಕೆ ಕಳುಹಿಸಿಕೊಡಬೇಕು. ಅಡ್ಡ ಬಂದದ್ದನ್ನೆಲ್ಲ ಅಳಿಸುವಷ್ಟು ಸಮರ್ಥರಾದ ತಮಗೆ ಅಳಿಸಿದ್ದನ್ನು ತಿರುಗಿ ಕೊಡುವುದು ಕಷ್ಟವಾಗಲಾರದು.

ವಿಶ್ವಾಸಕ್ಕೆ ಬೇರೆ ಜಾಗ ಹುಡುಕಿಕೊಂಡಿದ್ದರೂ ಶಿಷ್ಟಾಚಾರಕ್ಕಾಗಿ,
ತಮ್ಮ ವಿಶ್ವಾಸಿ,
ಶ್ವೇ ಬಿ-ಯುನ್

ತಾ.ಕ.: ಶ್ರೀ ಫಾಂಗ್ ಅವರ ಮೇಲೆ ದಯವಿಟ್ಟು ಯಾವ ಕ್ರಮವನ್ನೂ ಕೈಗೊಳ್ಳಬೇಡಿ. ಊರಲ್ಲಿ ನಮ್ಮ ಚಿತ್ರದ ಸುದ್ದಿ ಕೇಳಿ ಕಳೆದ ಗುರುವಾರ ಅವರು ಫೆಯ್-ಚೆನ್‌ಳ ಅಂಗಡಿಗೆ ಬಂದಿದ್ದರು. ಕೂದಲಿಗಲ್ಲ. ಜೇಬಿನಲ್ಲಿ ತೀರಿಕೊಂಡ ತಾಯಿಯ ಒಂದು ಟೇಪಿತ್ತು. "ಆಂಟಿ, ಅಮ್ಮನ್ನ ಹೆಂಗಿದ್ಲೋ ಹಂಗೇ ಬಿಡೋ ಮಷೀನ್ ಇದೇ ಅಲ್ವಾ?" ಎಂದು ಕೇಳಿದರು. ನಾವು ಅವರಿಗೆ ಮುದುಕಪ್ಪನ ಮುಂದೆ ಸ್ಟೂಲು ಹಾಕಿಕೊಟ್ಟೆವು.